ಗುಂಡಿಯ ಮೇಲಿನ ಅಕ್ಷರ, ಗಾಜಿನ ಮೇಲಿನ ಅಕ್ಷರ

ಖಡೇಬಜಾರಿನಿಂದ ಗಣಪತ ಗಲ್ಲಿಯವರೆಗೆ ಅಂಗಡಿಗಳ ಹಲಗೆಗಳನ್ನು ಓದುತ್ತ ನಡೆಯುವವನಿಗೆ ಕನ್ನಡ, ದೇವನಾಗರಿ, ಇಂಗ್ಲಿಷು, ಅಲ್ಲಲ್ಲಿ ಉರ್ದು ಎಂದು ನಾಲ್ಕು ಲಿಪಿಗಳು ಕಣ್ಣಿಗೆ ಬೀಳುವುವು. ತಾಯಿ ಮರಾಠಿಯನ್ನಾಡುವ ಮನೆಯಿಂದ ಮಗಳು ಕನ್ನಡ ಶಾಲೆಗೆ ಹೋಗುವುದು ಬೆಳಗಾವಿಯಲ್ಲಿ ಯಾರಿಗೂ ವಿಶೇಷವಾಗಿ ತೋರದು. ಇಂಥ ಊರಿನಲ್ಲಿ ಬರೆಯುವ ಸಾಧನವೊಂದು ಪ್ರತಿಯೊಬ್ಬರ ಜೇಬಿಗೂ ಬಂದು ಸೇರಿದಾಗ, ಅದರ ಮೈಮೇಲೆ ಯಾವ ಲಿಪಿ ಮುದ್ರಿತವಾಗಿದೆ ಎಂಬ ಪ್ರಶ್ನೆಯು ಬೇರೆಡೆಗಿಂತ ಹೆಚ್ಚಿನ ಗುರುತ್ವವನ್ನು ಪಡೆಯುವುದು ಸಹಜವೇ ಆಗಿದೆ. 2008ರಿಂದ 2013ರವರೆಗಿನ ಐದಾರು ವರ್ಷಗಳಲ್ಲಿ ಗುಂಡಿಗಳ ಸ್ಮಾರ್ಟ್‌ಫೋನಿಗೂ ಗಾಜಿನ ಸ್ಮಾರ್ಟ್‌ಫೋನಿಗೂ ನಡೆದ ಪೈಪೋಟಿಯನ್ನು ಬೆರಳಿನ ಸೌಖ್ಯದ, ಪರದೆಯ ವಿಸ್ತಾರದ, ಕಂಪನಿಗಳ ಲಾಭನಷ್ಟದ ಕಥೆಯಾಗಿ ಹೇಳುವುದು ರೂಢಿ. ಬೆಳಗಾವಿ ಮತ್ತು ಖಾನಾಪುರದ ಸೀಮೆಯಲ್ಲಿ ನಿಂತು ನೋಡಿದರೆ ಅದು ಮುಖ್ಯವಾಗಿ ಲಿಪಿಯ ಕಥೆ ಎಂಬುದು ನನ್ನ ನಿಶ್ಚಿತವಾದ ಅಭಿಪ್ರಾಯ.

ಗಾಜು ಹೊಸದು, ಗುಂಡಿ ಹಳೆಯದು ಎಂಬ ಸಾಮಾನ್ಯ ಭಾವನೆಗೆ ಇತಿಹಾಸದ ಆಧಾರವಿಲ್ಲ. 1994ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಐಬಿಎಂ ಸಂಸ್ಥೆಯ 'ಸೈಮನ್' ಎಂಬ ಫೋನು ಪರದೆಯನ್ನು ಮುಟ್ಟಿಯೇ ನಡೆಸಬೇಕಾದುದಾಗಿತ್ತು. ಪೂರ್ಣ ಕೀಲಿಮಣೆಯನ್ನು ಹೊಟ್ಟೆಯೊಳಗಿಟ್ಟುಕೊಂಡ ನೋಕಿಯಾ 9000 ಬಂದುದು 1996ರಲ್ಲಿ, ಎಂದರೆ ಎರಡು ವರ್ಷಗಳ ತರುವಾಯ. ಆದರೆ ನಮ್ಮ ದೇಶದಲ್ಲಿ ಕ್ರಮವು ತಿರುಗುಮುರುಗಾಯಿತು. 2004ರಲ್ಲಿ ಏರ್‌ಟೆಲ್ ಸಂಸ್ಥೆಯ ಮೂಲಕ ಬ್ಲ್ಯಾಕ್‌ಬೆರಿಯೂ ಅನಂತರ ನೋಕಿಯಾದ ಇ-ಶ್ರೇಣಿಯೂ ಬಂದು, ಕೈಯಲ್ಲಿ ಹಿಡಿಯುವ ಬರೆವಣಿಗೆಯ ಯಂತ್ರವೆಂದರೆ ಕೀಲಿಮಣೆಯುಳ್ಳದ್ದೇ ಎಂಬ ನಂಬಿಕೆಯನ್ನು ಬೇರೂರಿಸಿದುವು.

ಆ ನಂಬಿಕೆಗೆ ಬೆಳಗಾವಿಯಲ್ಲಿ ಹದವಾದ ನೆಲ ಮೊದಲೇ ಸಿದ್ಧವಾಗಿತ್ತು. ಕಚೇರಿಯ ಕೆಲಸವನ್ನು ಬಯಸಿದ ತರುಣ ತರುಣಿಯರು ಟೈಪಿಂಗ್ ತರಗತಿಗಳಲ್ಲಿ ಕುಳಿತು, ಕಣ್ಣು ಕಾಗದದ ಮೇಲಿದ್ದರೂ ಬೆರಳು ತಪ್ಪದಂತೆ ಅಭ್ಯಾಸ ಮಾಡಿದ ತಲೆಮಾರುಗಳು ಇಲ್ಲಿ ಹಲವು. ವಕೀಲರ, ಗುಮಾಸ್ತರ, ದಸ್ತಾವೇಜು ಬರೆಯುವವರ ಕೈಗಳು ಅದೇ ಶಿಕ್ಷಣದಿಂದ ಬಂದವು. 2008ರಲ್ಲಿ ನೋಕಿಯಾ ಇ71 ಬಂದಾಗ ಅಂಥವರು ಅದರಲ್ಲಿ ತಮ್ಮ ಹಳೆಯ ಯಂತ್ರದ ಅಕ್ಷರಕ್ರಮವನ್ನೇ ಕಿರಿದಾಗಿ ಕಂಡರು. ಉಕ್ಕಿನ ಮೈ, 10 ಮಿಲಿಮೀಟರಿನಷ್ಟೇ ದಪ್ಪ, 2.36 ಅಂಗುಲದ ಚಿಕ್ಕ ಪರದೆ, 1500 ಎಂಎಎಚ್ ಸಾಮರ್ಥ್ಯದ ತೆಗೆದುಹಾಕಬಹುದಾದ ಬ್ಯಾಟರಿ, ಮೆಮೊರಿ ಕಾರ್ಡಿಗೆ ಸ್ಥಳ, ವೈಫೈ, ಜಿಪಿಎಸ್, ರೇಡಿಯೋ ಇವೆಲ್ಲವನ್ನೂ ಅದು ಒಳಗೊಂಡಿತ್ತು. ಅದರ ಅಗ್ಗದ ತಂಗಿಯಾದ ಇ63ರಲ್ಲಿ ಸ್ಪೇಸ್ ಕೀಲಿಯನ್ನು ಒತ್ತಿ ಹಿಡಿದರೆ ದೀಪ ಹೊತ್ತಿಕೊಳ್ಳುತ್ತಿದ್ದುದು ವಿದ್ಯುತ್ತು ಕೈಕೊಡುವ ಊರುಗಳಲ್ಲಿ ಅಲ್ಪವಾದ ಗುಣವಲ್ಲ.

ಅದೇ ವರ್ಷದ ಆಗಸ್ಟ್ 22ರಂದು ಐಫೋನ್ 3ಜಿ ಭಾರತಕ್ಕೆ ಬಂದಿತು. 8 ಜಿಬಿಯದಕ್ಕೆ 31,000 ರೂಪಾಯಿ, 16 ಜಿಬಿಯದಕ್ಕೆ 36,100 ರೂಪಾಯಿ. ಗುಣಗಳನ್ನು ಒಂದೊಂದಾಗಿ ಎಣಿಸಿ ನೋಡುವ ಗ್ರಾಹಕನ ದೃಷ್ಟಿಯಲ್ಲಿ ಈ ಬೆಲೆಗೆ ಅದು ಕೊಡದೆ ಹೋದುದೇ ಹೆಚ್ಚಾಗಿ ಕಂಡಿರಬೇಕು: ಬ್ಯಾಟರಿ ತೆಗೆಯಲು ಬಾರದು, ಮೆಮೊರಿ ಕಾರ್ಡಿಲ್ಲ, ರೇಡಿಯೋ ಇಲ್ಲ, ಚಲಿಸುವ ಚಿತ್ರವನ್ನು ತೆಗೆಯಲಾಗದು, ಬಂದ ಸಂದೇಶವನ್ನು ಇನ್ನೊಬ್ಬರಿಗೆ ಹಾಗೆಯೇ ಕಳಿಸುವುದಕ್ಕೂ, ಬರೆದುದನ್ನು ನಕಲು ಮಾಡಿ ಬೇರೆಡೆ ಅಂಟಿಸುವುದಕ್ಕೂ 2009ರ ಜೂನ್ ತಿಂಗಳಲ್ಲಿ ಹೊಸ ತಂತ್ರಾಂಶ ಬರುವವರೆಗೆ ಕಾಯಬೇಕಾಯಿತು. ನೋಕಿಯಾ 2008ರ ಅಕ್ಟೋಬರಿನಲ್ಲಿ ಪ್ರಕಟಿಸಿದ 5800 ಎಕ್ಸ್‌ಪ್ರೆಸ್‌ಮ್ಯೂಸಿಕ್ ಈ ಕೊರತೆಗಳಲ್ಲಿ ಬಹುಭಾಗವನ್ನು ತುಂಬಿ, 3.2 ಅಂಗುಲದ ಗಾಜಿನ ಫೋನನ್ನು ಮಧ್ಯಮವರ್ಗದವರ ಕೈಗೆ ಎಟುಕುವಂತೆ ಮಾಡಿತು. ಆದರೆ ಎರಡರ ಗಾಜಿನ ಒಳಗುಟ್ಟು ಬೇರೆ ಬೇರೆ. 5800ರದು ಒತ್ತಡದ ಪರದೆ: ನಡುವೆ ಸೂಕ್ಷ್ಮವಾದ ಅಂತರವಿರುವ ಎರಡು ವಿದ್ಯುದ್ವಾಹಕ ಪದರಗಳು ಒತ್ತಿದೆಡೆಯಲ್ಲಿ ಕೂಡಿದಾಗ ಮಾತ್ರ ಅದಕ್ಕೆ ಅರಿವಾಗುವುದು, ಉಗುರಾಗಲಿ ಕಡ್ಡಿಯಾಗಲಿ ಸಾಕು. ಐಫೋನಿನದಾದರೋ ಬೆರಳ ತುದಿಯ ವಿದ್ಯುತ್ ಗುಣವನ್ನೇ ಗುರುತಿಸುವ ಪರದೆ. ಸವರಿದರೆ ಸಾಕು, ಎರಡು ಬೆರಳನ್ನು ಒಟ್ಟಿಗೆ ಇಟ್ಟರೂ ಅದು ಬಲ್ಲುದು, ಉಗುರಿಗೆ ಮಾತ್ರ ಕಿವಿಗೊಡದು.

ಈ ಭೇದದ ನಿಜವಾದ ಪರೀಕ್ಷೆ ಬೆಳಗಾವಿಯಿಂದ ಇಪ್ಪತ್ತೈದು ಕಿಲೋಮೀಟರಿನಷ್ಟು ದೂರದಲ್ಲಿ, ಖಾನಾಪುರದಲ್ಲಿ ಆಗತಕ್ಕದ್ದು. ಜಾಂಬೋಟಿಯ ದಾರಿಯಲ್ಲಿ ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಗೆ ಹೋದಂತೆಲ್ಲ ಆಷಾಢ ಶ್ರಾವಣಗಳ ಮಳೆ ದಿನಗಟ್ಟಲೆ ಬಿಡದೆ ಹೊಡೆಯುವುದು. ಕಂಬಳಿಕೊಪ್ಪೆಯ ಕೆಳಗೆ ನಿಂತು ಒದ್ದೆ ಕೈಯಿಂದ ಫೋನು ತೆಗೆಯುವವನಿಗೆ ನೀರ ಹನಿಯನ್ನೂ ಬೆರಳೆಂದು ಭ್ರಮಿಸುವ ಗಾಜಿಗಿಂತ, ಒತ್ತಿದರೆ ಒತ್ತಿತೆಂದು ಬೆರಳಿಗೇ ತಿಳಿಸುವ ಗುಂಡಿ ಹೆಚ್ಚು ವಿಶ್ವಾಸಾರ್ಹವಾದುದು. ಖಾನಾಪುರ ಮಣ್ಣಿನ ಕೆಲಸಕ್ಕೆ ಹೆಸರಾದ ಊರೂ ಹೌದು. ಹೆಂಚು ಇಟ್ಟಿಗೆಗಳ ಭಟ್ಟಿಗಳೂ, ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆಯ ತರಬೇತಿ ಸಂಸ್ಥೆಯೂ ಇಲ್ಲಿವೆ. ಜೇಡಿ ಮೆತ್ತಿದ ಬೆರಳಿಗೆ ರಬ್ಬರಿನ ಗುಂಡಿಯ ಮೇಲೆ ಅಡ್ಡಿಯಿಲ್ಲ. 2003ರಲ್ಲಿ ಬಂದ ನೋಕಿಯಾ 1100ರ ಗುಂಡಿಗಳನ್ನು ಧೂಳು ಹೊಗದಂತೆ ಒಂದೇ ಹಾಳೆಯಲ್ಲಿ ಮುಚ್ಚಿ, ತಲೆಯಲ್ಲಿ ಟಾರ್ಚನ್ನಿಟ್ಟು ರೂಪಿಸಿದವರ ಮನಸ್ಸಿನಲ್ಲಿ ಇಂಥ ಊರುಗಳೇ ಇದ್ದುವು. ಗೋವೆಯ ಗಡಿಯಂಚಿನ ಕಾಡಿನೂರುಗಳಲ್ಲಿ ರೇಂಜ್ ಎಂಬುದೇ ದುರ್ಲಭ; ಸಿಕ್ಕಾಗಲೂ ಮಹಾರಾಷ್ಟ್ರ–ಗೋವಾ ವಲಯದ ಗೋಪುರವೊಂದು ಫೋನನ್ನು ಸೆಳೆದುಕೊಂಡರೆ, ಇದ್ದಲ್ಲೇ ಇದ್ದವನಿಗೂ ರೋಮಿಂಗಿನ ದರ ತಗಲುವ ಭಯವಿತ್ತು. ಹೀಗೆ ನೋಡಿದರೆ ಖಾನಾಪುರದ ತೀರ್ಪು ಗುಂಡಿಯ ಪರವಾಗಿಯೇ ಇರತಕ್ಕದ್ದಾಗಿತ್ತು, ಬಹುಕಾಲ ಹಾಗೆಯೇ ಇತ್ತು.

ಆದರೂ ಗುಂಡಿ ಸೋತಿತು. ಏಕೆ ಸೋತಿತು ಎಂಬಲ್ಲಿಗೆ ಬರೋಣ.

ಗುಂಡಿಯ ಮೇಲೆ ಒಮ್ಮೆ ಮುದ್ರಿಸಿದ ಅಕ್ಷರವನ್ನು ಅಳಿಸಲಾಗದು. ಇ71ರ ಮೂರು ಸಾಲುಗಳಲ್ಲಿ ಇದ್ದುದು ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳು; ಕನ್ನಡದ 49 ವರ್ಣಗಳಿಗೂ ಅವುಗಳ ಕಾಗುಣಿತ ಒತ್ತಕ್ಷರಗಳಿಗೂ ಅಲ್ಲಿ ಎಡೆಯಿರಲಿಲ್ಲ. ಕೆಲವು ಅಂಕಿಗುಂಡಿಯ ಫೋನುಗಳು ಭಾರತೀಯ ಭಾಷೆಗಳಲ್ಲಿ ಬರೆಯಗೊಡುತ್ತಿದ್ದುವಾದರೂ, ಅಷ್ಟು ವರ್ಣಗಳನ್ನು ಹತ್ತರಷ್ಟು ಗುಂಡಿಗಳೊಳಗೆ ತುರುಕಿದ ಮೇಲೆ ಒಂದು ಅಕ್ಷರಕ್ಕೆ ನಾಲ್ಕೈದು ಸಲ ಒತ್ತುವುದು ಅನಿವಾರ್ಯವಾಗುತ್ತಿತ್ತು. ಇನ್ನೊಂದು ಅಡ್ಡಿ ಹಣದ್ದು. ಎಸ್ಸೆಮ್ಮೆಸ್ಸಿನ ವ್ಯವಸ್ಥೆಯಲ್ಲಿ ಇಂಗ್ಲಿಷಿನ ಸಂದೇಶಕ್ಕೆ 160 ಅಕ್ಷರಗಳ ಅವಕಾಶ. ಯೂನಿಕೋಡಿನಲ್ಲಿ ಬರೆದ ಕನ್ನಡಕ್ಕೆ 70 ಮಾತ್ರ. ಆ ಎಪ್ಪತ್ತರಲ್ಲಿ ಪ್ರತಿಯೊಂದು ಕಾಗುಣಿತದ ಚಿಹ್ನೆಗೂ ಬೇರೆ ಲೆಕ್ಕ: 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ ಆರು ಸ್ಥಾನ ವೆಚ್ಚವಾಗುವುದು, 'ಬೆಳಗಾವಿ' ಎಂದು ಹತ್ತು ಸಲ ಬರೆದರೆ ಸಂದೇಶವೇ ತುಂಬಿಹೋಗುವುದು. ಆದುದರಿಂದ ಜನರು ಕನ್ನಡವನ್ನೂ ಮರಾಠಿಯನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರು. ಎರಡೂ ಭಾಷೆಗಳು ಒಡೆತನವನ್ನು ಹಂಚಿಕೊಂಡ ಳಕಾರ ಣಕಾರಗಳು ಆ ಬರೆಹದಲ್ಲಿ ಒಟ್ಟಿಗೇ ಕಳೆದುಹೋದುವು. ಗಡಿಯ ವಿವಾದದಲ್ಲಿ ಎದುರುಬದುರಾಗಿ ನಿಲ್ಲುವ ಎರಡು ಭಾಷೆಗಳಿಗೆ ಈ ನಷ್ಟ ಸಮಾನವಾಗಿತ್ತೆಂಬುದನ್ನು ಯಾರೂ ಗಮನಿಸಿದಂತೆ ತೋರದು.

ಓದುವುದಕ್ಕಾದರೋ ಒಂದು ಉಪಾಯವಿತ್ತು; ಅದನ್ನು ಇಲ್ಲಿ ದಾಖಲಿಸುವುದು ನ್ಯಾಯ. ಅಪೆರಾ ಮಿನಿ ಎಂಬ ಜಾಲಾಟದ ತಂತ್ರಾಂಶದ ಗುಪ್ತ ಪುಟವೊಂದನ್ನು ತೆರೆದು, ಕ್ಲಿಷ್ಟ ಲಿಪಿಗಳನ್ನು ಚಿತ್ರರೂಪದಲ್ಲಿ ತೋರಿಸು ಎಂಬ ಆಯ್ಕೆಗೆ ಒಪ್ಪಿಗೆ ಕೊಟ್ಟರೆ, ಅಲ್ಲಿಯವರೆಗೆ ಬರಿಯ ಚೌಕಗಳಾಗಿ ಕಾಣುತ್ತಿದ್ದ ಕನ್ನಡ ಪತ್ರಿಕೆಯ ಪುಟವು ಅಕ್ಷರಗಳಾಗಿ ಮೂಡುತ್ತಿತ್ತು. ಫೋನಿಗೆ ಕನ್ನಡ ಬಾರದಿದ್ದರೂ ದೂರದ ಸರ್ವರೊಂದು ಅಕ್ಷರಗಳನ್ನು ಬಿಡಿಸಿ ಚಿತ್ರಮಾಡಿ ಕಳಿಸುತ್ತಿತ್ತು. ಅಂದಿನ ಮೊಬೈಲ್ ಅಂಗಡಿಯಲ್ಲಿ "ಇದರಾಗ ಕನ್ನಡ ಬರ್ತೈತೇನ್ರಿ?" ಎಂದು ಕೇಳಿದವನಿಗೆ ಪ್ರಾಮಾಣಿಕವಾದ ಉತ್ತರವೆಂದರೆ "ಓದಾಕ ಬರ್ತೈತ್ರಿ, ಬರಿಯಾಕ ಬರಂಗಿಲ್ರಿ" ಎಂಬುದೇ ಆಗಿತ್ತು. ಒಂದು ಭಾಷೆಯ ಜನರನ್ನು ಓದುಗರನ್ನಾಗಿ ಮಾತ್ರ ಉಳಿಸಿ ಬರೆಯುವ ಅಧಿಕಾರವನ್ನು ಕೊಡದ ಸಾಧನವು ಎಷ್ಟು ಗಟ್ಟಿಮುಟ್ಟಾಗಿದ್ದರೂ ಅಪೂರ್ಣವೇ.

ಮೊದಮೊದಲು ಗಾಜಿನ ಫೋನೂ ಇದರಲ್ಲಿ ಮೇಲೇನೂ ಆಗಿರಲಿಲ್ಲ. ಆದರೆ ಅದರ ಮೇಲೆ ಯಾವ ಲಿಪಿಯೂ ಮುದ್ರಿತವಾಗಿರಲಿಲ್ಲ. ತಂತ್ರಾಂಶ ಬದಲಾದರೆ ಸಾಕು, ಕೀಲಿಮಣೆಯೇ ಬದಲಾಗಬಲ್ಲುದು. 2012ರ ಜುಲೈಯಲ್ಲಿ ಬಿಡುಗಡೆಯಾದ ಆಂಡ್ರಾಯ್ಡ್ 4.1 ಕನ್ನಡ, ತೆಲುಗು, ಮಲಯಾಳಗಳನ್ನು ತನ್ನ ಮೂಲವ್ಯವಸ್ಥೆಯಲ್ಲೇ ಸೇರಿಸಿಕೊಂಡಿತು; ಬಲದಿಂದ ಎಡಕ್ಕೆ ಬರೆಯುವ ಲಿಪಿಗಳನ್ನು ಎಡದಿಂದ ಬಲಕ್ಕೆ ಬರೆಯುವವುಗಳೊಡನೆ ಬೆರೆಸಿ ತೋರಿಸುವ ಏರ್ಪಾಡೂ ಅದೇ ಆವೃತ್ತಿಯಲ್ಲಿ ಬಂದಿತು. ಮುಂಬಯಿಯ ಐಐಟಿಯ ವಿನ್ಯಾಸ ವಿಭಾಗದವರು 2013ರಲ್ಲಿ ಹೊರತಂದ 'ಸ್ವರಚಕ್ರ'ವನ್ನು ನಾನು ಈ ಕಾಲದ ಅತ್ಯಂತ ಚಿಂತನಶೀಲವಾದ ಕೃತಿಯೆಂದು ಎಣಿಸುತ್ತೇನೆ. ವ್ಯಂಜನವನ್ನು ಮುಟ್ಟಿದೊಡನೆ ಅದರ ಸುತ್ತ ಚಕ್ರಾಕಾರವಾಗಿ ಕಾ, ಕಿ, ಕು, ಕೆ ಎಂದು ಕಾಗುಣಿತವೆಲ್ಲ ಅರಳುವುದು. ಬೇಕಾದ ಕಡೆಗೆ ಬೆರಳನ್ನು ಸರಿಸಿದರೆ ಅಕ್ಷರ ಸಿದ್ಧ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಕ್ರಮವೇ ಇಲ್ಲಿ ಬರೆವಣಿಗೆಯ ಕ್ರಮವಾಯಿತು. ಯಾವ ಲೋಹದ ಕೀಲಿಯೂ ಮಾಡಲಾರದ ಕಾರ್ಯವಿದು. ಮರುವರ್ಷ, 2014ರ ನವೆಂಬರ್ 1ರಂದು, ನಗರದ ಅಧಿಕೃತ ನಾಮವು ಇಂಗ್ಲಿಷಿನಲ್ಲಿಯೂ ಬೆಳಗಾವಿಯೆಂದಾದಾಗ ಅದನ್ನು ಕನ್ನಡದಲ್ಲೇ ಬರೆದು ಹಂಚಿಕೊಳ್ಳುವುದು ಸಾಧ್ಯವಾಗಿತ್ತು.

ಈ ಲಾಭಕ್ಕೆ ತೆತ್ತ ಬೆಲೆಯನ್ನು ಮುಚ್ಚಿಡಬಾರದು. ಐದನೆಯ ಅಂಕಿಯ ಮೇಲಿನ ಚಿಕ್ಕ ಉಬ್ಬನ್ನು ಹಿಡಿದು ಉಳಿದ ಗುಂಡಿಗಳ ಸ್ಥಾನವನ್ನು ಅರಿಯುತ್ತಿದ್ದ ದೃಷ್ಟಿಹೀನರಿಗೆ ನುಣುಪಾದ ಗಾಜು ಮೂಕವಾಯಿತು. 2009ರಲ್ಲಿ ಐಫೋನ್ 3ಜಿಎಸ್ ವಾಯ್ಸ್‌ಓವರನ್ನು ತಂದು ಬೆರಳಿನ ಕೆಳಗಿರುವುದನ್ನು ಓದಿ ಹೇಳತೊಡಗಿದರೂ, ಅದು ಹೇಳುತ್ತಿದ್ದುದು ಕನ್ನಡದಲ್ಲಲ್ಲ, ಬೆಲೆಯೂ ಸಾಮಾನ್ಯರದಲ್ಲ. ಕಣ್ಣಿದ್ದವರಿಗೆ ಲಿಪಿ ದೊರೆತ ವರ್ಷಗಳಲ್ಲಿಯೇ ಇವರ ಸ್ಪರ್ಶಜ್ಞಾನವು ವ್ಯರ್ಥವಾದುದನ್ನು ನೆನೆದರೆ ನನಗೆ ವ್ಯಥೆಯಾಗುತ್ತದೆ.

2017ರ ಆಗಸ್ಟಿನಲ್ಲಿ ಗೂಗಲ್ ಸಂಸ್ಥೆಯು ಮಾತನ್ನೇ ಬರೆಹವಾಗಿಸುವ ಸೌಲಭ್ಯವನ್ನು ಭಾರತದ ಇನ್ನೂ ಎಂಟು ಭಾಷೆಗಳಿಗೆ ವಿಸ್ತರಿಸಿದಾಗ ಗುಂಡಿ ಗಾಜುಗಳೆರಡರ ಹಂಗೂ ಒಂದಿಷ್ಟು ತಗ್ಗಿತು. ಆ ಎಂಟರಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಇದ್ದುವು. ಖಡೇಬಜಾರಿನ ಹಲಗೆಗಳ ಭಾಷೆಗಳೆಲ್ಲ ಒಂದೇ ದಿನ ಒಳಗೆ ಬಂದಂತಾಯಿತು. ಖಾನಾಪುರ ತಾಲೂಕಿನ ಪಶ್ಚಿಮದ ಘಟ್ಟದೂರುಗಳಲ್ಲಿ, ಲೋಂಡದ ಆಚೀಚೆಯ ಮನೆಗಳಲ್ಲಿ ಆಡುವ ಕೊಂಕಣಿ ಆ ಪಟ್ಟಿಯಲ್ಲಿರಲಿಲ್ಲ. ಆ ಮನೆಗಳವರು ತಮ್ಮ ಮಾತನ್ನು ಕನ್ನಡದಲ್ಲೋ ದೇವನಾಗರಿಯಲ್ಲೋ ಒಂದೊಂದೇ ಅಕ್ಷರವಾಗಿ ಬೆರಳಿನಿಂದಲೇ ಮೂಡಿಸಬೇಕಾಗಿತ್ತು.