ಸೋಂಕು

ಸೋಂಕು ಅಚ್ಚಗನ್ನಡದ ಮಾತು. ಹಳೆಯ ಅರ್ಥ ಮುಟ್ಟು, ತಾಗು, ಅಷ್ಟೇ. ಅದರಲ್ಲಿ ಕೆಡುಕಿನ ಸುಳಿವಿರಲಿಲ್ಲ. ವಚನಕಾರರಲ್ಲಿ ಪರುಷ ಸೋಂಕಿದ ಕಬ್ಬಿಣ ಹೊನ್ನಾಗುತ್ತದೆ. ಅನುಸ್ವಾರ ಬಿದ್ದ ‘ಸೋಕು’ ಇಂದಿಗೂ ತಂಗಾಳಿಗೆ, ಬಿಸಿಲಿಗೆ ಸಲ್ಲುತ್ತದೆ. ಹಳ್ಳಿಯಲ್ಲಿ ‘ಗಾಳಿ ಸೋಕಿದೆ’ ಎಂದರೆ ದೆವ್ವದ ಶಂಕೆ. ಅನುಸ್ವಾರ ಉಳಿಸಿಕೊಂಡ ರೂಪ ಹೆಚ್ಚಾಗಿ ವೈದ್ಯರ ಪಾಲಾಯಿತು. 2020ರ ಕೊರೋನಾ ಕಾಲದಲ್ಲಿ ಪತ್ರಿಕೆಗಳು ಸಂಸ್ಕೃತದ ‘ಇತ’ವನ್ನು ಅಂಟಿಸಿದ ‘ಸೋಂಕಿತ’ವನ್ನು ಮನೆಮಾತಾಗಿಸಿದವು.

ಆಸ್ಪತ್ರೆಯ ಮಟ್ಟಿಗೆ ಆ ಹಳೆಯ ಅರ್ಥವೇ ಹೆಚ್ಚು ನಿಜ ಎನ್ನಿಸುತ್ತದೆ ನನಗೆ. ಅಲ್ಲಿ ಸೋಂಕು ಹೆಚ್ಚಾಗಿ ಕೈಯಿಂದಲೇ ದಾಟುತ್ತದೆ: ಮಂಚದ ಕಂಬಿಯಿಂದ ಡ್ರಿಪ್ಪಿನ ನಳಿಕೆಗೆ, ಅಲ್ಲಿಂದ ಪಕ್ಕದ ರೋಗಿಯ ಗಾಯಕ್ಕೆ. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯರು, ಶವ ಕೊಯ್ದು ಬರುವವರೆಲ್ಲ ಕ್ಲೋರಿನ್ ಬೆರೆತ ನೀರಿನಲ್ಲಿ ಕೈ ತೊಳೆಯಲೇಬೇಕೆಂದು ಕಟ್ಟುನಿಟ್ಟು ಮಾಡಿದರು. ಬಾಣಂತಿಯರ ಸಾವು ಗಣನೀಯವಾಗಿ ಇಳಿಯಿತು. ಆದರೂ ಅವರ ಮಾತನ್ನು ಓರಗೆಯವರು ಹಲವರು ಒಪ್ಪಲಿಲ್ಲ. ಎಷ್ಟು ಜೀವ ಹೋದವೋ.

ಇಂದು ಕೈಗೆ ಉಜ್ಜಿಕೊಳ್ಳುವ ಆಲ್ಕೋಹಾಲ್ ದ್ರಾವಣ (ಹ್ಯಾಂಡ್ ರಬ್) ಇದ್ದರೆ 20ರಿಂದ 30 ಸೆಕೆಂಡು ಸಾಕು. ಬೆರಳ ತುದಿ, ಹೆಬ್ಬೆರಳ ಸುತ್ತ ಬಿಡದೆ ಉಜ್ಜಬೇಕು. ಕೈಯಲ್ಲಿ ಕೊಳೆ ಕಂಡರೆ ಸೋಪು, ನೀರೇ ಆಗಬೇಕು. ಗ್ಲೌಸ್ ಹಾಕಿದ ಮಾತ್ರಕ್ಕೆ ಕೈ ತೊಳೆಯುವುದು ತಪ್ಪುವುದಿಲ್ಲ.

ಬಳಕೆಯಲ್ಲಿ ಒಂದು ಎಚ್ಚರ: ನೆಲ, ಮೇಜು, ಉಪಕರಣಗಳಿಗೆ ಬಳಸುವುದು ಸೋಂಕುನಿವಾರಕ; ಚರ್ಮಕ್ಕೆ ಹಚ್ಚುವುದು ನಂಜುನಿರೋಧಕ. ನೆಲ ಒರೆಸುವ ದ್ರಾವಣವನ್ನು ಗಾಯಕ್ಕೆ ಹಾಕಿದರೆ ಚರ್ಮ ಸುಟ್ಟೀತು.