ಪ್ರೀ ವೆಡ್ಡಿಂಗ್ ಶೂಟ್

ನಿಶ್ಚಿತಾರ್ಥವಾದ ಮೇಲೆ, ಮದುವೆಗೆ ಮೊದಲು ವಧು-ವರರನ್ನು ಹೊರಾಂಗಣಕ್ಕೆ ಕರೆದೊಯ್ದು ನಡೆಸುವ ಫೋಟೊ ಮತ್ತು ವಿಡಿಯೊ ಚಿತ್ರೀಕರಣ. ಕರ್ನಾಟಕದಲ್ಲಿ ಶ್ರೀರಂಗಪಟ್ಟಣ, ಮೇಲುಕೋಟೆಯ ರಾಯಗೋಪುರ, ಚಿಕ್ಕಮಗಳೂರಿನ ಬೆಟ್ಟಗಳು, ಮರವಂತೆಯ ಕಡಲತೀರ ಇದಕ್ಕೆ ಮೆಚ್ಚಿನ ತಾಣಗಳು.

ಸೂರ್ಯೋದಯದ ನಂತರದ ಮತ್ತು ಸೂರ್ಯಾಸ್ತಕ್ಕೆ ಮುಂಚಿನ ಸುಮಾರು ಒಂದು ಗಂಟೆಯೇ ಛಾಯಾಗ್ರಾಹಕರ ಆಯ್ಕೆ. ಆಗ ಓರೆಯಾಗಿ ಬರುವ ಬಿಸಿಲು ವಾತಾವರಣದಲ್ಲಿ ಹೆಚ್ಚು ದೂರ ಸಾಗುವುದರಿಂದ ನೀಲಿ ಬೆಳಕು ಚದುರಿ ಹೊಂಬಣ್ಣ ಉಳಿಯುತ್ತದೆ. ನಡುಹಗಲಿನಂತೆ ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳುವುದಿಲ್ಲ. ಸೂರ್ಯ ಜೋಡಿಯ ಬೆನ್ನಿಗಿದ್ದರೆ ಸಹಾಯಕ ರಿಫ್ಲೆಕ್ಟರ್ ಹಿಡಿದು ಮುಖಕ್ಕೆ ಬೆಳಕು ತಿರುಗಿಸುತ್ತಾನೆ. ಗೌನಿನ ಅಂಚು ಹಾರಿದಂತೆ ಕಾಣಬೇಕಾದರೆ ಅದನ್ನು ಮೇಲಕ್ಕೆಸೆದು ಫ್ರೇಮಿನಿಂದಾಚೆ ಓಡಲು ಇನ್ನೊಬ್ಬರು ಬೇಕು. ಶುರುವಿನಲ್ಲಿ ಸಂಕೋಚ ಸಹಜ. ಇಬ್ಬರನ್ನೂ ಮಾತಾಡುತ್ತಾ ನಡೆಯಲು ಬಿಟ್ಟಾಗ ಸಿಗುವ ಚಿತ್ರಗಳೇ ಹೇಳಿಕೊಟ್ಟ ಭಂಗಿಗಳಿಗಿಂತ ಚೆಂದ.

ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಅನುಮತಿ ಬೇಕು.

2020ರ ನವೆಂಬರ್‌ನಲ್ಲಿ ತಲಕಾಡಿನ ಬಳಿ ಕಾವೇರಿಯಲ್ಲಿ ತೆಪ್ಪವೇರಿ ಫೋಟೊ ತೆಗೆಸಿಕೊಳ್ಳಲು ಹೋದ ಮೈಸೂರಿನ ಜೋಡಿಯೊಂದು ನೀರಿಗೆ ಬಿದ್ದು ಪ್ರಾಣ ಕಳೆದುಕೊಂಡಿತು. ಮದುವೆಗೆ ಕೆಲವೇ ದಿನಗಳಿದ್ದವು. ನದಿಯ ಹಿನ್ನೆಲೆ ಬೇಕೆನ್ನುವವರು ದಡದಲ್ಲಿಯೇ ನಿಲ್ಲಬೇಕು. ದೋಣಿ ಹತ್ತುವುದಾದರೆ ಲೈಫ್ ಜಾಕೆಟ್ ತೊಟ್ಟೇ ಹತ್ತಬೇಕು.