ಎರಡು ಔನ್ಸಿನ ಉಪಚಾರ

ಊರಿನಿಂದ ಬಂದ ಅಪ್ಪನಿಗೆ ಬಡಿಸುವಾಗ ನಮ್ಮ ಮನೆಯಲ್ಲಿ ದಿನವೂ ಒಂದೇ ಮಾತು: “ನೀವು ಏನೂ ತಿನ್ನೋದೇ ಇಲ್ಲ, ಇನ್ನೊಂದು ಚೂರು ಅನ್ನ ಹಾಕಿಸ್ಕೊಳ್ಳಿ.” ಇಂಥ ಉಪಚಾರ ನಮ್ಮವರಿಗೇ ಮೀಸಲೆಂದು ತಿಳಿದಿದ್ದೆ. ನಾನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಇಟಲಿಯಲ್ಲಿಯೂ ಅದಿತ್ತು. ಒಬ್ಬ ವೃದ್ಧನ ಪ್ರಾಣಕ್ಕೇ ಸಂಚಕಾರ ತಂದಿತ್ತಂತೆ.

ಆತ ಲುಯಿಜಿ ಕೊರ್ನಾರೊ, ಪಾದುವಾ ನಗರದಲ್ಲಿ ನೆಲೆಸಿದ್ದ ಶ್ರೀಮಂತ. ಯೌವನದಲ್ಲಿ ಮಿತಿಮೀರಿ ತಿಂದು ಕುಡಿದು, ನಲವತ್ತರ ಹೊತ್ತಿಗೆ ಬದುಕೇ ಬೇಡವೆನ್ನುವಷ್ಟು ರೋಗಿಯಾಗಿದ್ದ. ಮಿತಾಹಾರವೊಂದೇ ದಾರಿ ಎಂದರು ವೈದ್ಯರು. ವರ್ಷದೊಳಗೆ ಚೇತರಿಸಿಕೊಂಡ. ನಾಲಗೆಗೆ ರುಚಿಸಿದ್ದು ಹೊಟ್ಟೆಗೂ ಹಿತ ಎಂಬ ಗಾದೆಯೊಂದು ಅವರಲ್ಲಿತ್ತು. ಅದನ್ನು ತನ್ನ ಮೇಲೆಯೇ ಪರೀಕ್ಷಿಸಿ, ಸುಳ್ಳೆಂದು ಕಂಡುಕೊಂಡ. ಕೊನೆಗೆ ರೊಟ್ಟಿ, ಮೊಟ್ಟೆಯ ಹಳದಿ, ಮಾಂಸ, ಸಾರು ಎಲ್ಲ ಸೇರಿ ದಿನಕ್ಕೆ 12 ಔನ್ಸು, ಜೊತೆಗೆ 14 ಔನ್ಸು ವೈನು ಎಂದು ಗೊತ್ತುಮಾಡಿಕೊಂಡ.

78ನೆಯ ವಯಸ್ಸಿನಲ್ಲಿ ಮನೆಯವರೂ ಸ್ನೇಹಿತರೂ ಬೆನ್ನು ಹತ್ತಿದರು: “ಮುಪ್ಪಿನಲ್ಲಿ ಇಷ್ಟು ಸಾಲದು.” ಬೇಡವೆನ್ನಲಾರದೆ ಎರಡರಲ್ಲೂ ಎರಡೆರಡು ಔನ್ಸು ಏರಿಸಿದ. ನಮ್ಮ ಲೆಕ್ಕದಲ್ಲಿ ಒಂದು ಸೌಟು ಅನ್ನ! ಎಂಟು ದಿನಗಳಲ್ಲಿ ಲವಲವಿಕೆ ಹೋಗಿ ಸಿಡುಕ ಬಂತು. ಹನ್ನೆರಡನೆಯ ದಿನ ಪಕ್ಕೆನೋವು, ಆಮೇಲೆ 35 ದಿನ ಜ್ವರ. ಹಳೆಯ ಅಳತೆಗೆ ಹಿಂದಿರುಗಿದ ಮೇಲೆಯೇ ಗುಣವಾದೆನೆಂದು ಬರೆದಿದ್ದಾನೆ. ಎರಡು ಔನ್ಸಿಗೇ ಜ್ವರ ಬಂತೆಂಬುದನ್ನು ನನ್ನ ಬಿ.ಎಸ್ಸಿ. ಒಪ್ಪುವುದಿಲ್ಲ. ಆದರೆ ತನ್ನ ಹೊಟ್ಟೆ ತಿನ್ನುವವನಿಗೆ ಗೊತ್ತು, ಬಡಿಸುವವರಿಗಲ್ಲ ಎಂಬ ಮಾತನ್ನು ತಳ್ಳಿಹಾಕುವುದು ಕಷ್ಟ.

1558ರಲ್ಲಿ ಈ ಅನುಭವವನ್ನು ಪಾದುವಾದಲ್ಲಿ ಅಚ್ಚು ಹಾಕಿಸಿದ. ವೃದ್ಧರಿಗೆ ವೃದ್ಧನೇ ಹೇಳಿದ ಆಹಾರಪಾಠ! ಮಿತವಾಗಿ ಉಂಡರೆ ಮುಪ್ಪು ಶಿಕ್ಷೆಯಲ್ಲ, ಸುಖ ಎಂಬುದೇ ಅವನ ವಾದ. ತಾನಿನ್ನೂ ಆಸರೆಯಿಲ್ಲದೆ ಕುದುರೆ ಏರುತ್ತೇನೆ, 11 ಮಂದಿ ಮೊಮ್ಮಕ್ಕಳೊಡನೆ ಹಾಡುತ್ತೇನೆ ಎಂದು ಹೆಮ್ಮೆಯಿಂದ ಬರೆದ. 1613ರಲ್ಲಿ ಲ್ಯಾಟಿನ್ನಿಗೂ, 1634ರಲ್ಲಿ ಕವಿ ಜಾರ್ಜ್ ಹರ್ಬರ್ಟರಿಂದ ಇಂಗ್ಲಿಷಿಗೂ ಆ ಬರಹ ಬಂತು. 1566ರಲ್ಲಿ ತೀರಿಕೊಂಡಾಗ ನೂರು ತುಂಬುತ್ತ ಬಂದಿತ್ತೆಂಬುದು ಪ್ರತೀತಿ. ಹುಟ್ಟಿದ ವರ್ಷದ ಬಗ್ಗೆಯೇ ಭಿನ್ನಾಭಿಪ್ರಾಯವಿದೆ, ಎಂಬತ್ತೆರಡೂ ಆಗಿರಬಹುದು.

ಅವನ ತಕ್ಕಡಿಯನ್ನು ಯಾರೂ ಮನೆಗೆ ತರಬೇಕಿಲ್ಲ. 1918ರಲ್ಲಿ ಕೂನೂರಿನಲ್ಲಿ ಹುಟ್ಟಿ 1958ರಲ್ಲಿ ಹೈದರಾಬಾದಿಗೆ ಬಂದ ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರ ಮಾರ್ಗಸೂಚಿಯಲ್ಲಿ ವೃದ್ಧರಿಗೆ ಸತ್ತ್ವಭರಿತ ಆಹಾರಕ್ಕೆ ಆದ್ಯತೆ ಕೊಡಿ ಎನ್ನುತ್ತದೆ. ಓಡಾಟ ತಗ್ಗಿದರೆ ಅನ್ನ ತಗ್ಗಬಹುದು. ಬೇಳೆ, ಹಾಲು, ಸೊಪ್ಪು ತಗ್ಗಬಾರದು. ಬರೀ ಮಿತ ಸಾಲದೆಂಬುದು ಕೊರ್ನಾರೊಗೆ ಗೊತ್ತಿರಲಿಲ್ಲ.

ಈಗ ನಾನು ಅಪ್ಪನ ತಟ್ಟೆಯ ಬಳಿ ಅನ್ನದ ಸೌಟು ಹಿಡಿದು ನಿಲ್ಲುವುದಿಲ್ಲ. ದಾಲಿನ ಬಟ್ಟಲು ಮಾತ್ರ ಮುಂದೆ ಸರಿಸುತ್ತೇನೆ. ಅದಕ್ಕೂ ಅವರು ಸಿಡುಕುತ್ತಾರೆ.